ಲೈನು ಎಂಬ ಕನ್ನಡ ಪದ

(ಕೊಡಗಿನ ತಿತಿಮತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ದತ್ತಿಯ ಆಶಯ ಕನ್ನಡದ ನಿತ್ಯಬಳಕೆಯ ಕುರಿತು ಒಂದು ಉಪನ್ಯಾಸ ನಡೆಯಬೇಕು ಎಂಬುದು. ಹಳಗನ್ನಡದ ಒಂದು ಕಾವ್ಯವನ್ನೋ ವ್ಯಾಕರಣದ ಒಂದು ಸೂತ್ರವನ್ನೋ ಹಿಡಿದುಕೊಂಡು ಮಾತಾಡಬಹುದಿತ್ತು. ಆದರೆ ತಿತಿಮತಿಗೆ ಬಂದು ತಿತಿಮತಿಯ ಬಾಯಲ್ಲಿ ದಿನಕ್ಕೆ ನೂರು ಸಲ ಓಡಾಡುವ ಪದವನ್ನು ಬಿಟ್ಟು ಬೇರೆಯದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ನಾನು ಆರಿಸಿಕೊಂಡಿರುವುದು ಇಂಗ್ಲಿಷಿನಿಂದ ಬಂದ ಒಂದು ಪುಟ್ಟ ನಾಮಪದ: ಲೈನು.

ನಿಮ್ಮಲ್ಲಿ ಕೆಲವರಿಗೆ ಇದು ಭಾಷಣಕ್ಕೆ ತಕ್ಕ ವಸ್ತುವೇ ಎನ್ನಿಸಬಹುದು. ಸ್ವಲ್ಪ ತಾಳಿ. ಒಂದು ದಿನ ನೀವೇ ಕಿವಿಗೊಟ್ಟು ಎಣಿಸಿ ನೋಡಿ. ಮಳೆಗಾಲದಲ್ಲಿ ಮರ ಬಿದ್ದು ಕತ್ತಲಾದರೆ ‘ಲೈನು ಹೋಯ್ತು’ ಎನ್ನುತ್ತೇವೆ. ಅದನ್ನು ಸರಿಪಡಿಸಲು ಬರುವವರನ್ನು ಇಲಾಖೆ ಈಗ ಪವರ್‌ಮ್ಯಾನ್ ಎಂದು ಕರೆಯುತ್ತದೆ, ಊರು ಇನ್ನೂ ಲೈನ್‌ಮ್ಯಾನ್ ಎಂದೇ ಕರೆಯುತ್ತದೆ. ಫೋನು ಹತ್ತದಿದ್ದರೆ ‘ಲೈನು ಸಿಗ್ತಿಲ್ಲ’. ನ್ಯಾಯಬೆಲೆ ಅಂಗಡಿಯ ಮುಂದೆ ‘ಲೈನಲ್ಲಿ ಬನ್ನಿ’. ದಾರಿ ತಪ್ಪಿದ್ದ ಮಗ ಸುಧಾರಿಸಿದರೆ ‘ಈಗ ಲೈನಿಗೆ ಬಂದ’. ಹೊಸಬರ ಕಸುಬು ಕೇಳಬೇಕಾದರೆ ‘ನೀವು ಯಾವ ಲೈನು?’ ಕಾಲೇಜು ಹುಡುಗರ ‘ಲೈನ್ ಹೊಡೆಯೋದು’ ಏನೆಂದು ನಾನು ವಿವರಿಸಬೇಕಾಗಿಲ್ಲ. ಇಷ್ಟು ಅರ್ಥಗಳನ್ನು ಹೊತ್ತು, ‘ಲೈನಿಗೆ’, ‘ಲೈನಿನಲ್ಲಿ’, ‘ಲೈನಿನವರು’ ಎಂದು ನಮ್ಮ ವಿಭಕ್ತಿಗಳನ್ನೂ ಪ್ರತ್ಯಯಗಳನ್ನೂ ತೊಟ್ಟು ನಡೆಯುವ ಪದವನ್ನು ಪರಭಾಷೆಯದು ಎನ್ನುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಸಂಸ್ಕೃತದಿಂದ ಬಂದ ಪದ ಕನ್ನಡದ ನಾಲಗೆಗೆ ಹೊಂದಿಕೊಂಡು ಹೇಗೆ ಕನ್ನಡವೇ ಆಗುತ್ತದೆ ಎಂಬುದನ್ನು ಅವನು ಅಲ್ಲಿ ಲೆಕ್ಕವಿಟ್ಟು ತೋರಿಸಿದ್ದಾನೆ. ನಮ್ಮ ಕಾಲದ ಕೇಶಿರಾಜರು ಮಾಡಬೇಕಾದ ಕೆಲಸವೂ ಅದೇ. ಈಗ ಪದಗಳು ಬರುತ್ತಿರುವ ದಿಕ್ಕು ಬೇರೆ, ಅಷ್ಟೇ.

ಪದದ ಹುಟ್ಟನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಲ್ಯಾಟಿನ್ನಿನಲ್ಲಿ ಲೀನುಮ್ ಎಂದರೆ ಅಗಸೆ ಗಿಡ. ಅದರ ನಾರಿನಿಂದ ಹೊಸೆದ ದಾರ ಲೀನಿಯಾ. ಅಲ್ಲಿಂದ ಲೈನ್. ಲಿನನ್ ಬಟ್ಟೆ, ಕೋಟಿನ ಒಳಗೆ ದರ್ಜಿ ಹಾಕುವ ಲೈನಿಂಗ್, ಎಲ್ಲ ಆ ಅಗಸೆಯ ಬಳಗವೇ. ಅಂದರೆ ಮೊದಲು ದಾರ, ಆಮೇಲೆ ಆ ದಾರವನ್ನು ಬಿಗಿಹಿಡಿದಾಗ ಕಾಣುವ ನೇರ ಗೆರೆ, ಅದಾದ ಮೇಲೆ ಆ ಗೆರೆಗೆ ಸರಿಯಾಗಿ ನಿಲ್ಲಿಸಿದ ಸಾಲು. ಈ ಮೂರು ಹೆಜ್ಜೆಗಳನ್ನೂ ನೀವು ತಿತಿಮತಿಯ ತೋಟದಲ್ಲಿ ಕಣ್ಣಾರೆ ನೋಡಬಹುದು. ಹೊಸದಾಗಿ ಕಾಫಿ ಗಿಡ ಹಾಕುವಾಗ ಇಬ್ಬರು ಹಗ್ಗದ ಎರಡು ತುದಿ ಹಿಡಿದು ನಿಲ್ಲುತ್ತಾರೆ, ಮೂರನೆಯವರು ಹಗ್ಗದುದ್ದಕ್ಕೂ ಅಳತೆಗೋಲು ಇಟ್ಟು ಗೂಟ ಹೊಡೆಯುತ್ತ ಹೋಗುತ್ತಾರೆ. ರೊಬಸ್ಟಾ ಆದರೆ ಹತ್ತಡಿಗೊಂದರಂತೆ. ಆ ಕೆಲಸಕ್ಕೆ ಹೆಸರು ಲೈನ್ ಹಿಡಿಯುವುದು. ಗೋಡೆ ಕಟ್ಟುವ ಗಾರೆಯವರು ಅದನ್ನೇ ‘ನೂಲು ಹಿಡಿ’ ಎನ್ನುತ್ತಾರೆ. ರೋಮಿನ ದಾರಕ್ಕೂ ನಮ್ಮ ಗಾರೆಯವರ ನೂಲಿಗೂ ಕೆಲಸ ಒಂದೇ, ಮಾತು ಬೆಳೆದ ಬಗೆಯೂ ಒಂದೇ.

ಇನ್ನು ಸಮಾನಾರ್ಥಕಗಳು. ಲೈನಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಮಕ್ಕಳು ಥಟ್ಟನೆ ‘ಗೆರೆ’ ಎನ್ನುತ್ತಾರೆ, ಮೇಲಿನ ತರಗತಿಯವರು ‘ರೇಖೆ’ ಎನ್ನುತ್ತಾರೆ. ಎರಡೂ ಸರಿ, ಎರಡೂ ಸಾಲವು. ಕಾಗದದ ಮೇಲೆ ಎಳೆದದ್ದು ಗೆರೆ, ಗೀಟು. ಅಂಗೈಯಲ್ಲಿರುವುದು ಗೆರೆ, ಜ್ಯೋತಿಷಿಯ ಬಾಯಲ್ಲಿ ಅದೇ ರೇಖೆ. ಭೂಮಿತಿಯಲ್ಲಿ ರೇಖೆ. ನೇಗಿಲು ಎಳೆದದ್ದು ಸಾಲು. ರಸ್ತೆಯ ಪಕ್ಕ ನೆಟ್ಟದ್ದು ಸಾಲುಮರ. ಮೈಸೂರು ದಸರೆಯಲ್ಲಿ ಅಂಬಾರಿಯ ಜೊತೆ ಸಾಲಾಗಿ ಸಾಗುವ ಆನೆಗಳು ಸಾಲಾನೆ. 2020ರಿಂದ ಅಂಬಾರಿ ಹೊತ್ತ ಅಭಿಮನ್ಯು ನಿಮ್ಮ ನೆರೆಯ ಮತ್ತಿಗೋಡು ಆನೆ ಶಿಬಿರದವನು, ಹಾಗಾಗಿ ಸಾಲಾನೆ ಎಂಬ ಮಾತು ಇಲ್ಲಿಯ ಮಕ್ಕಳಿಗೆ ಹೊಸದಲ್ಲ. ಊಟಕ್ಕೆ ಕೂತರೆ ಪಂಕ್ತಿ, ಅದರ ತದ್ಭವ ಪಂತಿ. ಪದ್ಯದಲ್ಲಿ ಪಾದ. ಶಾಸನ ಓದುವವರಿಗೆ ಪಂಕ್ತಿ ಇಲ್ಲವೆ ಸಾಲು. ಹಲ್ಮಿಡಿ ಶಾಸನದಲ್ಲಿ ಇರುವುದು 16 ಸಾಲು. ಜನ ಒಬ್ಬರ ಹಿಂದೊಬ್ಬರು ನಿಂತರೆ ಹಳೆ ಮೈಸೂರಿನ ಕಡೆ ಸರದಿ, ಬಯಲುಸೀಮೆಯ ಬಡಗಣ ಜಿಲ್ಲೆಗಳಲ್ಲಿ ಪಾಳಿ. ಹಳಗನ್ನಡದವರಿಗೆ ಇದೇ ಅರ್ಥದಲ್ಲಿ ಓಳಿ ಎಂಬ ಸೊಗಸಾದ ಪದವಿತ್ತು. ರೈಲಿನದು ಹಳಿ. ಕಥೆಯದು ಎಳೆ. ಇವುಗಳಲ್ಲಿ ಹಲವಕ್ಕೆ ಇಂಗ್ಲಿಷು ಒಂದೇ ಶಬ್ದದಿಂದ ಕೆಲಸ ನಡೆಸುತ್ತದೆ.

ಇಷ್ಟು ಸಿರಿವಂತಿಕೆಯಿರುವಾಗ ಲೈನು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬೇಡವಾದ ಕಡೆ ಬೇಡವೇ ಬೇಡ. ‘ಪದ್ಯದ ನಾಲ್ಕನೇ ಲೈನು’ ಎಂದು ಮೇಷ್ಟರೇ ಹೇಳುವಾಗ ನನಗೆ ಸಂಕಟವಾಗುತ್ತದೆ. ಸಾಲು ಎನ್ನಲು ಉಸಿರೇನೂ ಹೆಚ್ಚು ಹಿಡಿಯುವುದಿಲ್ಲ. ಸರದಿಯಲ್ಲಿ ನಿಲ್ಲಿ ಎಂದರೆ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಇದ್ದ ಪದವನ್ನು ಬಿಟ್ಟುಕೊಡುವುದು ಬಡತನವನ್ನು ಕರೆದು ತಂದಂತೆ.

ಇಲ್ಲದ ಪದವನ್ನು ಕಟ್ಟಿಕೊಳ್ಳುವುದೂ ನಮಗೆ ಗೊತ್ತು. ಅದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ, ನಿಮ್ಮ ಪಕ್ಕದ ಕಾಡೇ ಸಾಕು. ನಾಗರಹೊಳೆಯಲ್ಲಿ 1980ರ ದಶಕದ ಕೊನೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಜಿಂಕೆ, ಕಡವೆ, ಕಾಟಿಗಳ ಸಂಖ್ಯೆಯನ್ನು ಅಂದಾಜು ಮಾಡಲು ಹೊಸ ಕ್ರಮವೊಂದನ್ನು ಬಳಸಿದರು. ಕಾಡಿನೊಳಗೆ ನೇರವಾದ ಒಂದು ಕಾಲುದಾರಿ ಸವರಿ, ಅದರ ಮೇಲೆ ಸದ್ದಿಲ್ಲದೆ ನಡೆದು, ಕಂಡ ಪ್ರಾಣಿ ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಇತ್ತು ಎಂದು ಬರೆದುಕೊಳ್ಳುವ ಕ್ರಮ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲೂ ಕಾವಲುಗಾರರು ಎರಡು ಕಿಲೋಮೀಟರಿನ ಇಂಥ ದಾರಿಗಳಲ್ಲಿ ನಡೆಯುತ್ತಾರೆ. ವಿಜ್ಞಾನಿಗಳ ಭಾಷೆಯಲ್ಲಿ ಅದು ಲೈನ್ ಟ್ರಾನ್ಸೆಕ್ಟ್. ಕನ್ನಡ ಪತ್ರಿಕೆಗಳು ಅದಕ್ಕೆ ಕೊಟ್ಟ ಹೆಸರು ಸೀಳುದಾರಿ. ಕಾಡನ್ನು ಸೀಳಿಕೊಂಡು ಹೋಗುವ ದಾರಿ. ಪಂಡಿತರ ಸಮಿತಿ ಕೂತು ಹೆಣೆದ ಪಾರಿಭಾಷಿಕ ಪದಗಳಲ್ಲಿ ಇಷ್ಟು ಚುರುಕಾದದ್ದು ಬಹಳ ಇಲ್ಲ. ಹಾಗೆಯೇ ಬೇಸಿಗೆಗೆ ಮುಂಚೆ ಕಾಡಂಚಿನಲ್ಲಿ ಒಣ ಹುಲ್ಲು, ತರಗೆಲೆ ಸವರಿ, ಸುಟ್ಟು ಮಾಡುವ ಪಟ್ಟಿಗೆ ಇಲಾಖೆಯವರು ಫೈರ್ ಲೈನ್ ಎಂದರೂ ಬೆಂಕಿ ರೇಖೆ ಎಂಬ ಮಾತು ಅದರ ಜೊತೆಗೇ ನಿಂತಿದೆ. ಆ ಕೆಲಸಕ್ಕೆ ಹೋಗುವ ಜೇನು ಕುರುಬರ, ಬೆಟ್ಟ ಕುರುಬರ ಯುವಕರು ಎರಡನ್ನೂ ಬಳಸುತ್ತಾರೆ.

ಹಳಿಯ ವಿಷಯ ಬಂದದ್ದರಿಂದ ಒಂದು ಮಾತು. ಕೊಡಗಿನಲ್ಲಿ ರೈಲಿಲ್ಲ. ಮೈಸೂರು–ಕುಶಾಲನಗರ ಮಾರ್ಗದ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ. ಆದರೆ ಹಳಿ ಬಂದಿದೆ. ಬೇರೆ ಊರುಗಳಲ್ಲಿ ರೈಲು ಓಡಿ ಸವೆದ ಹಳಿಗಳನ್ನು ತಂದು ನಾಗರಹೊಳೆಯ ಸುತ್ತಿನ ಕಾಡಂಚಿನಲ್ಲಿ, ಕೊಡಗಿನ ತೋಟಗಳ ಗಡಿಯಲ್ಲಿ ಆನೆ ತಡೆಗೆ ಬೇಲಿಯಾಗಿ ನಿಲ್ಲಿಸಿದ್ದಾರೆ. ರೈಲನ್ನು ನೋಡದ ಆದಿವಾಸಿ ಹಾಡಿಯ ಮಗುವಿಗೆ ಹಳಿ ಎಂದರೆ ಆನೆ ದಾಟಬಾರದ ಅಡ್ಡಗಂಬ. ಪದಕ್ಕೆ ಅರ್ಥ ಕೊಡುವುದು ಊರು. ನಿಘಂಟು ಅದನ್ನು ಆಮೇಲೆ ಬರೆದುಕೊಳ್ಳಬೇಕು.

ಇಲ್ಲಿಯವರೆಗೆ ಹೇಳಿದ್ದು ಪೀಠಿಕೆ. ಯಾವ ಅರ್ಥಕ್ಕಾಗಿ ನಾನು ಈ ಪದವನ್ನು ತಿತಿಮತಿಗೆ ಹೊತ್ತು ತಂದೆನೋ ಅದಕ್ಕೆ ಈಗ ಬರುತ್ತೇನೆ.

‘ನಿನ್ನ ಮನೆ ಎಲ್ಲಿ?’ ಎಂದು ಇಲ್ಲಿನ ಶಾಲೆಯಲ್ಲಿ ಮಕ್ಕಳನ್ನು ಕೇಳಿ. ಒಬ್ಬಳು ನೊಕ್ಯ ಎನ್ನುತ್ತಾಳೆ, ಒಬ್ಬ ದೇವರಪುರ ಎನ್ನುತ್ತಾನೆ, ಒಬ್ಬ ಹಾಡಿಯ ಹೆಸರು ಹೇಳುತ್ತಾನೆ. ಮತ್ತೊಂದು ಮಗು ಹೇಳುತ್ತದೆ: ‘ಲೈನಲ್ಲಿ.’ ಅಷ್ಟೇ. ಇಡೀ ಉತ್ತರ ಅಷ್ಟೇ. ಗೆರೆ, ರೇಖೆ, ಸಾಲು, ಸರದಿ, ಯಾವುದನ್ನು ಆ ಜಾಗದಲ್ಲಿ ಇಟ್ಟರೂ ಕೂರುವುದಿಲ್ಲ. ‘ಸಾಲಲ್ಲಿ’ ಎಂದರೆ ಕೇಳಿದವರಿಗೆ ಏನೂ ತಿಳಿಯದು. ಇಲ್ಲಿ ಲೈನು ಎಂದರೆ ವಾಸದ ಜಾಗ.

ಲೈನ್ ಮನೆಯನ್ನು ನೋಡದ ಓದುಗರೂ ಈ ಪಾಠವನ್ನು ಮುಂದೆ ಓದಬಹುದಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತೋಟದೊಳಗೆ, ಮಾಲೀಕರ ಬಂಗಲೆಯಿಂದ ದೂರವಾಗಿ, ಕಣದ ಹಿಂದೆಯೋ ಇಳಿಜಾರಿನಲ್ಲೋ ಒಂದು ಉದ್ದನೆಯ ಕಟ್ಟಡ. ಹೆಂಚಿನದೋ ಶೀಟಿನದೋ ಒಂದೇ ಮಾಡು, ತುದಿಯಿಂದ ತುದಿಗೆ ಒಂದೇ ಜಗಲಿ. ಅಡ್ಡಗೋಡೆ ಎಬ್ಬಿಸಿ ಅದನ್ನು ಆರು, ಎಂಟು, ಹತ್ತು ಮನೆಯಾಗಿ ಭಾಗ ಮಾಡಿರುತ್ತಾರೆ. ಒಂದೊಂದಕ್ಕೂ ಒಂದು ಕೋಣೆ, ಹಿಂದೆ ಒಲೆ ಹೂಡಲು ಇಷ್ಟು ಜಾಗ. ಹಳೆಯ ಕಟ್ಟಡಗಳಲ್ಲಿ ಅಡ್ಡಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಎದೆಯೆತ್ತರದ ಮೇಲೆ ತುಸುವಷ್ಟೇ ಏರಿ ನಿಲ್ಲುತ್ತದೆ. ಹಾಗಾಗಿ ಮೊದಲ ಮನೆಯಲ್ಲಿ ಹಸಿ ಸೌದೆ ಇಟ್ಟರೆ ಕೊನೆಯ ಮನೆಯವರೆಗೆ ಹೊಗೆ. ಒಂದು ಮನೆಯ ಕೂಸಿನ ಅಳು, ಒಂದು ಮನೆಯ ಜಗಳ, ಒಂದು ಮನೆಯ ಕೆಮ್ಮು ಎಲ್ಲರದೂ ಆಗುತ್ತದೆ. ಹೊರಗೆ ಒಂದು ನಲ್ಲಿ. ಬೆಳಿಗ್ಗೆ ಗಂಟೆ ಬಾರಿಸಿದರೆ ಎಲ್ಲರೂ ಕಣದ ಮುಂದೆ ಸೇರಬೇಕು, ರೈಟರು ಚೆಕ್‌ರೋಲಿನಲ್ಲಿ ಹೆಸರು ಬರೆಯುತ್ತಾರೆ, ಮೇಸ್ತ್ರಿ ಅಂದಿನ ಕೆಲಸ ಹಂಚುತ್ತಾರೆ. ಮನೆ, ನೀರು, ಕೆಲಸ, ಕೂಲಿ, ಎಲ್ಲ ಒಂದೇ ಕೈಯಿಂದ ಬರುವುದು. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು.

ಎಲ್ಲ ಲೈನುಗಳೂ ಹೀಗೇ ಎಂದು ನಾನು ಹೇಳುವುದಿಲ್ಲ. ಬೇರೆ ಬೇರೆ ಬಾಗಿಲು, ಒಳಗೇ ಶೌಚಾಲಯ, ಕರೆಂಟು, ಗಟ್ಟಿ ತಾರಸಿ ಇರುವ ಹೊಸ ಕ್ವಾರ್ಟರ್ಸುಗಳನ್ನು ಕಟ್ಟಿಸಿದ ಕಂಪನಿಗಳೂ ಇವೆ, ಬೆಳೆಗಾರರೂ ಇದ್ದಾರೆ. ಅವುಗಳನ್ನೂ ಜನ ಲೈನು ಎಂದೇ ಕರೆಯುತ್ತಾರೆ ಎಂಬುದು ಪದದ ಬಲ.

ಈ ಬಳಕೆ ಎಲ್ಲಿಂದ ಬಂತು? ಇಂಗ್ಲಿಷರ ದಂಡಿನಲ್ಲಿ ಸಿಪಾಯಿಗಳ ಗುಡಿಸಲುಗಳನ್ನು ನೇರ ಸಾಲುಗಳಲ್ಲಿ ಹಾಕಿಸುತ್ತಿದ್ದರು, ಅವಕ್ಕೆ ಲೈನ್ಸ್ ಎಂದು ಹೆಸರು. ಉತ್ತರದ ಊರುಗಳ ಸಿವಿಲ್ ಲೈನ್ಸ್, ನಮ್ಮ ಜಿಲ್ಲಾ ಕೇಂದ್ರಗಳ ಪೊಲೀಸ್ ಲೈನು, ಎಲ್ಲ ಆ ಕಾಲದ ಉಳಿಕೆ. ಅಲ್ಲಿಂದ ಪದ ತೋಟಕ್ಕೆ ಬಂತು. ಕೊಡಗು ಕಂಪನಿ ಸರ್ಕಾರದ ವಶವಾದದ್ದು 1834ರಲ್ಲಿ. ಮಡಿಕೇರಿಯ ಬಳಿ ಫೌಲರ್ ಎಂಬವರು ಮೊದಲ ಯುರೋಪಿಯನ್ ಕಾಫಿ ತೋಟ ತೆರೆದದ್ದು 1854ರಲ್ಲಿ. ಅಲ್ಲಿಂದ ಮುಂದಿನ ದಶಕಗಳಲ್ಲಿ ತೋಟಗಳು ಮೂಡಣದ ಬಿದಿರು ಕಾಡಿಗೆ ಇಳಿದವು. ಪಾಲಿಬೆಟ್ಟ, ಸಿದ್ದಾಪುರದ ಈ ಸೀಮೆಗೆ ಪ್ಲಾಂಟರುಗಳು ಬ್ಯಾಂಬೂ ಎಂದೇ ಹೆಸರಿಟ್ಟಿದ್ದರು, ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಲ್ಲಿ ಆ ಹೆಸರು ಇವತ್ತಿಗೂ ಇದೆ. ಕಾಡು ಕಡಿದ ಜಾಗಕ್ಕೆ ಕೈಗಳು ಬೇಕಿದ್ದವು. ಮೈಸೂರು ಸೀಮೆಯಿಂದ, ಮಲಬಾರಿನಿಂದ, ತಮಿಳು ನಾಡಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಜನರನ್ನು ಕರೆತಂದರು. ಕಾಡಿನಲ್ಲೂ ಗದ್ದೆಯ ಅಂಚಿನಲ್ಲೂ ಇದ್ದ ಎರವರು, ಪಣಿಯರು, ಕುರುಬರು ಆ ಹೊಸ ದುಡಿಮೆಗೆ ಸೇರಿಹೋದರು. ಅವರೆಲ್ಲರ ತಲೆ ಮೇಲೆ ಎಳೆದ ಮಾಡಿಗೆ ಬಂದ ಹೆಸರು ಕೂಲಿ ಲೈನು. ‘ಕೂಲಿ’ ಕಾಲಕ್ರಮದಲ್ಲಿ ಉದುರಿತು, ಒಳ್ಳೆಯದೇ ಆಯಿತು. ಲೈನು ಉಳಿಯಿತು.

ಇದು ಕೊಡಗಿನದೊಂದೇ ಮಾತಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಚಿಕ್ಕಮಗಳೂರಿನಲ್ಲೂ ಲೈನ್ ಮನೆಯೇ. ಶ್ರೀಲಂಕಾದ ಚಹಾ ತೋಟಗಳ ತಮಿಳರು ಲೈನಿನಲ್ಲೇ ಹುಟ್ಟಿ ಬೆಳೆದವರು. ಅವರ ಬಾಯಲ್ಲಿ, ಇಡುಕ್ಕಿಯ ಮಲಯಾಳಿಗಳ ಬಾಯಲ್ಲಿ ಅದು ಲಯಂ ಆಗಿದೆ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಬಳಿ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಎಪ್ಪತ್ತು ಜನ ಮಣ್ಣುಪಾಲಾದದ್ದು ಲಯಂಗಳಲ್ಲಿ ಮಲಗಿದ್ದಾಗ. ವಯನಾಡಿನವರು ತೋಟದ ಮನೆಸಾಲುಗಳನ್ನು ಪಾಡಿ ಎನ್ನುತ್ತಾರೆ. ಇಲ್ಲಿಂದ ಮದುವೆಯಾಗಿ ಅಲ್ಲಿಗೆ ಹೋದವರಿಗೆ, ಅಲ್ಲಿಂದ ಇಲ್ಲಿಗೆ ಬಂದವರಿಗೆ ಎರಡೂ ಪದ ಗೊತ್ತು. ದೂರದ ಅಸ್ಸಾಮಿನ ಚಹಾ ತೋಟಗಳಲ್ಲೂ ಕಾರ್ಮಿಕರ ವಸತಿಗೆ ಲೈನ್ ಎಂದೇ ಹೆಸರು. ಕಳೆದ ಕೆಲವು ವರ್ಷಗಳಿಂದ ಅಸ್ಸಾಮಿನಿಂದ ಕೆಲಸ ಹುಡುಕಿಕೊಂಡು ಕೊಡಗಿಗೆ ಬರುತ್ತಿರುವ ಕುಟುಂಬಗಳಿಗೆ ಕನ್ನಡದ ಬೇರೆ ಪದಗಳೆಲ್ಲ ಹೊಸವು. ಲೈನು ಎಂಬ ಒಂದು ಪದವನ್ನು ಯಾರೂ ಕಲಿಸಬೇಕಾಗಿಲ್ಲ. ಮೂರು ಸಾವಿರ ಕಿಲೋಮೀಟರ್ ದಾಟಿ ಬಂದರೂ ಬಿಟ್ಟು ಬಂದ ಜಾಗಕ್ಕೂ ಸೇರಿದ ಜಾಗಕ್ಕೂ ಒಂದೇ ಹೆಸರು ಎಂದರೆ ಅದರ ಹಿಂದೆ ಇರುವ ವ್ಯವಸ್ಥೆಯೂ ಒಂದೇ ಎಂದು ಅರ್ಥ.

ಕೊಡಗಿನಲ್ಲಿ ಈ ಪದಕ್ಕೆ ಎದುರಾಗಿ ಇನ್ನೊಂದು ಪದವಿದೆ. ಕಿವಿಗೆ ಎರಡೂ ಅವಳಿಗಳಂತೆ ಕೇಳುತ್ತವೆ: ಐನ್‌ಮನೆ, ಲೈನ್‌ಮನೆ. ನಡುವೆ ಇರುವುದು ಒಂದೇ ಅಕ್ಷರದ ಅಂತರ. ಐನ್‌ಮನೆ ಕೊಡವ ಒಕ್ಕದ, ಅಂದರೆ ಮನೆತನದ, ಮೂಲಮನೆ. ಅದಕ್ಕೆ ನೆಲ್ಲಕ್ಕಿ ನಡುಬಾಡೆ ಎಂಬ ಹಜಾರವಿದೆ, ಹಿರಿಯರ ಗುಡಿಯಾದ ಕೈಮಡವಿದೆ, ಕತ್ತಲಾದರೆ ಹಚ್ಚುವ ದೀಪವಿದೆ. ಒಕ್ಕದ ಹೆಸರು ಆ ಮನೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಕೂರುತ್ತದೆ. ಜಗತ್ತಿನ ಯಾವ ಮೂಲೆಗೆ ಹೋದರೂ ಅವರು ಒಂದು ಮನೆಯವರು. ಹಾಡಿಗಳನ್ನು ನೋಡಿ, ಅಲ್ಲಿಯೂ ಹೆಸರಿದೆ. ಚೇಣಿಹಡ್ಲು, ರೇಷ್ಮೆಹಡ್ಲು ಎಂದರೆ ಹಡ್ಲಿನ, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲಿನ ಗುರುತು ಹೆಸರಿನಲ್ಲೇ ಇದೆ. ಲೈನುಗಳ ಹೆಸರು ಕೇಳಿ: ಮೇಲಿನ ಲೈನು, ಕೆಳಗಿನ ಲೈನು, ಹಳೇ ಲೈನು, ಹೊಸ ಲೈನು. ಅಲ್ಲಿ ಬಾಳಿದವರ ಹೆಸರಾಗಲಿ, ನೆಲದ ಗುರುತಾಗಲಿ, ದೇವರ ಹೆಸರಾಗಲಿ ಇಲ್ಲ. ಮೂರು ತಲೆಮಾರು ಅದೇ ಮಾಡಿನಡಿ ಕಳೆದವರಿಗೂ ಮನೆಯ ಹೆಸರೆಂದು ಹೇಳಿಕೊಳ್ಳಲು ಒಂದು ದಿಕ್ಕು ಬಿಟ್ಟು ಬೇರೇನಿಲ್ಲ. ಐನ್‌ಮನೆಯನ್ನು ಕುರಿತು ಪುಸ್ತಕಗಳು ಬಂದಿವೆ, ಬರಬೇಕಾದದ್ದೇ. ಲೈನ್‌ಮನೆಯೂ ಈ ಜಿಲ್ಲೆಯ ಚರಿತ್ರೆಯ ಅಷ್ಟೇ ದೊಡ್ಡ ಅಧ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ದೇಶದ ಕಾಫಿಯ ಸುಮಾರು ಮೂರನೆಯ ಒಂದು ಭಾಗ ಬೆಳೆಯುವ ಜಿಲ್ಲೆ ಇದು. ಆ ಕಾಫಿಯನ್ನು ಕೊಯ್ದವರು ರಾತ್ರಿ ಮಲಗಿದ್ದು ಎಲ್ಲಿ ಎಂಬುದಕ್ಕೆ ನಮ್ಮ ಬಳಿ ಇರುವ ಒಂದೇ ಪದ ಇದು.

ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ, ಅದು ನನಗೆ ನೋವು ಕೊಡುವ ಹೆಜ್ಜೆ. ಜಾಗದ ಹೆಸರು ಜನರ ಹೆಸರಾಯಿತು. ‘ಲೈನಿನವರು’, ‘ಲೈನಿನ ಮಕ್ಕಳು’. ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲೂ ಹಾಗೆಯೇ. ಆ ಮಗು ಎರವರದಾಗಿರಬಹುದು, ತಮಿಳರದಾಗಿರಬಹುದು, ಮೈಸೂರು ಕಡೆಯ ಆದಿ ಕರ್ನಾಟಕದ್ದಾಗಿರಬಹುದು, ನಿನ್ನೆ ಬಂದ ಬಂಗಾಳಿಯದಾಗಿರಬಹುದು. ಅವರ ಭಾಷೆ, ಕುಲ, ದೇವರು, ಹಾಡು ಎಲ್ಲ ಒಂದೇ ಗೆರೆಯೊಳಗೆ ಅಳಿಸಿಹೋಗುತ್ತವೆ. ಎರವರು ತಮ್ಮನ್ನು ತಾವು ರಾವುಳ ಎಂದು ಕರೆದುಕೊಳ್ಳುತ್ತಾರೆ. ಎಷ್ಟು ಜನ ಮೇಷ್ಟರಿಗೆ ಇದು ಗೊತ್ತು? 2011ರ ಜನಗಣತಿಯಂತೆ ಕೊಡಗಿನ ಜನರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಅವರಲ್ಲಿ ಬಹಳಷ್ಟು ಜನರ ವಿಳಾಸ ಲೈನು. ತೋಟ ಬದಲಾಯಿಸಿದರೆ ವಿಳಾಸ ಬದಲಾಗುತ್ತದೆ, ವಿಳಾಸ ಬದಲಾದರೆ ಪಡಿತರ ಚೀಟಿಯಿಂದ ಮತದಾರರ ಪಟ್ಟಿಯವರೆಗೆ ಎಲ್ಲ ಕಾಗದಗಳೂ ಕೈತಪ್ಪುತ್ತವೆ. ಕೈಗೆ ಸಿಕ್ಕಿದ ಪಡಿತರ ಚೀಟಿಯ ಮೇಲೆ ಬಿ.ಪಿ.ಎಲ್. ಎಂದಿರುತ್ತದೆ. ಆ ಮೂರನೆಯ ಅಕ್ಷರ ಯಾವುದು ಬಲ್ಲಿರಾ? ಲೈನೇ. ಬಡತನದ ರೇಖೆ. ಒಂದು ಲೈನಿನಲ್ಲಿ ವಾಸ, ಇನ್ನೊಂದು ಲೈನಿನ ಕೆಳಗೆ ಬದುಕು.

ಕಾನೂನು ಸುಮ್ಮನಿರಲಿಲ್ಲ. 1951ರ ತೋಟಗಳ ಕಾರ್ಮಿಕ ಕಾಯಿದೆ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವಸತಿ ಒದಗಿಸುವುದು ಮಾಲೀಕರ ಹೊಣೆ ಎಂದಿತು. ಅದು ದೊಡ್ಡ ತೋಟಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1981ರ ತಿದ್ದುಪಡಿಯ ಮೇಲೂ ಐದು ಹೆಕ್ಟೇರು, ಹದಿನೈದು ಕೆಲಸಗಾರರು ಎಂಬ ಮಿತಿ ಉಳಿಯಿತು. ಕೊಡಗಿನ ಹಿಡುವಳಿಗಳಲ್ಲಿ ಬಹುಪಾಲು ಅದಕ್ಕಿಂತ ಚಿಕ್ಕವು. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು. ಸಾಲದ ಲೆಕ್ಕದಲ್ಲಿ ಲೈನಿಗೆ ಕಟ್ಟಿಬಿದ್ದ ಕುಟುಂಬಗಳಿಗೆ ಅದು ದೊಡ್ಡ ಆಸರೆ. ಆದರೆ ಸ್ವಂತ ಸೂರಿಲ್ಲದವರು ಸಾಲ ತೀರಿದ ಮೇಲೂ ಹೋಗುವುದು ಎಲ್ಲಿಗೆ?

ಆ ಪ್ರಶ್ನೆ ಬಯಲಿಗೆ ಬಂದದ್ದು ನಿಮ್ಮ ಕಣ್ಣೆದುರಿಗೇ. ಮಾಲ್ದಾರೆಯ ಬಳಿ ದೇವಮಚ್ಚಿ ಮೀಸಲು ಅರಣ್ಯದ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಕುಟುಂಬಗಳನ್ನು 2016ರ ಡಿಸೆಂಬರಿನಲ್ಲಿ ತೆರವು ಮಾಡಿದರು. ಅವರಲ್ಲಿ ಬಹಳ ಜನ ಸುತ್ತಲಿನ ತೋಟಗಳ ಲೈನುಗಳಿಂದ ಹೊರಬಂದ ಆದಿವಾಸಿಗಳು. ಅರಣ್ಯ ಯಾರದು, ತೆರವು ಸರಿಯೋ ತಪ್ಪೋ ಎಂಬ ವಾದ ಆಗ ಜಿಲ್ಲೆಯಲ್ಲಿ ಮನೆಮನೆಗಳಲ್ಲೂ ನಡೆಯಿತು. ತಿಂಗಳುಗಟ್ಟಲೆ ಹೋರಾಟ ನಡೆದ ಮೇಲೆ ಸರ್ಕಾರ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಕಟ್ಟಿಕೊಟ್ಟಿತು. ಆ ದಿನಗಳ ಸುದ್ದಿಗಳನ್ನು ಓದಿದವರಿಗೆ ನೆನಪಿರಬಹುದು, ಅವುಗಳಲ್ಲಿ ‘ಲೈನ್ ಮನೆ’ ಎಂಬ ಪದ ದಿನದಿನವೂ ಬರುತ್ತಿತ್ತು. ಬೆಂಗಳೂರಿನ ಓದುಗರಿಗೆ ಅದೇನೆಂದು ಪತ್ರಿಕೆಗಳು ಪ್ರತಿ ಸಲವೂ ಬಿಡಿಸಿ ಹೇಳಬೇಕಾಗಿತ್ತು. ಒಂದೂವರೆ ಶತಮಾನದಿಂದ ರಾಜ್ಯದ ಎರಡು ಮೂರು ಜಿಲ್ಲೆಗಳಲ್ಲಿ ಜನರ ಬಾಯಲ್ಲಿರುವ ಪದಕ್ಕೆ ಕನ್ನಡದ ಓದುಗರ ನಡುವೆ ಪರಿಚಯವಿಲ್ಲದೆ ಹೋಗಿತ್ತು.

ಇಲ್ಲಿ ನಿಘಂಟುಕಾರರ ಹೊಣೆ ಬರುತ್ತದೆ. ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಶಾಸ್ತ್ರದ ಪದಗಳ ಪಕ್ಕದಲ್ಲೇ ಅವರು ಆಡುಮಾತನ್ನೂ ಗಾದೆಯನ್ನೂ ಕೂರಿಸಿದರು. ನಮ್ಮ ಕಾಲದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, ನೂರ ಏಳನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಪದಗಳ ಧ್ಯಾನ ಬಿಡಲಿಲ್ಲ. ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಯಾವ ಪದವನ್ನೂ ಕೀಳೆಂದು ತಳ್ಳಲಿಲ್ಲ, ಎರವಲು ಪದಗಳಿಗೆಂದೇ ಒಂದು ಕೋಶ ಮಾಡಿದರು. ಅವರ ದಾರಿಯಲ್ಲಿ ಮುಂದುವರಿಯಬೇಕಾದರೆ ಲೈನು ಎಂಬ ನಮೂದಿನ ಕೆಳಗೆ ಗೆರೆ, ಸಾಲು, ಸರದಿ, ತಂತಿ ಎಂದು ಬರೆದು ನಿಲ್ಲಿಸುವಂತಿಲ್ಲ. ‘ಕಾಫಿ, ಚಹಾ ತೋಟಗಳಲ್ಲಿ ಕಾರ್ಮಿಕರಿಗೆ ಮಾಲೀಕರು ಕಟ್ಟಿಸಿಕೊಟ್ಟ, ಒಂದೇ ಮಾಡಿನಡಿಯ ಮನೆಸಾಲು, ಕೊಡಗು, ಚಿಕ್ಕಮಗಳೂರು, ಹಾಸನ ಸೀಮೆಯ ಬಳಕೆ’ ಎಂಬ ಅರ್ಥವೂ ಅಲ್ಲಿ ಇರಬೇಕು, ಬಳಕೆಯ ವಾಕ್ಯದೊಂದಿಗೆ ಇರಬೇಕು.

ಕೆಲವು ಕಡತಗಳಲ್ಲಿ ಈಗ ‘ಕಾರ್ಮಿಕರ ವಸತಿ ಸಮುಚ್ಚಯ’ ಎಂಬ ಮಾತು ಕಾಣಿಸುತ್ತಿದೆ. ಕೇಳಲು ಗೌರವವಾಗಿದೆ, ಲೈನಿಗಿಂತ ಶುದ್ಧವೂ ಹೌದು. ನಾನು ಅದನ್ನು ಒಪ್ಪುವುದಿಲ್ಲ. ಸಮುಚ್ಚಯ ಎಂದರೆ ಓದಿದವರ ಕಣ್ಣಿಗೆ ಬರುವುದು ಪಟ್ಟಣದ ಹೊಸ ಕಟ್ಟಡ. ಅಡ್ಡಗೋಡೆಯ ಮೇಲಿಂದ ಬರುವ ಹೊಗೆ ಅದರಲ್ಲಿ ಕಾಣುವುದಿಲ್ಲ, ಕೆಲಸ ಹೋದರೆ ಮನೆ ಹೋಗುವ ಭಯ ಕಾಣುವುದಿಲ್ಲ. ಸಾಲು, ಸರದಿ, ಸೀಳುದಾರಿ ಇರುವ ಕಡೆ ಅವನ್ನೇ ಬಳಸೋಣ, ಅದರಲ್ಲಿ ಸಡಿಲ ಬೇಡ. ಆದರೆ ವಾಸದ ಅರ್ಥದ ಲೈನನ್ನು ಸಂಸ್ಕೃತದಲ್ಲಿ ಅದ್ದಿ ತೊಳೆಯುವುದು ಬೇಡ. ಮನೆ ಬದಲಾದ ದಿನ ಹೆಸರು ತಾನಾಗಿ ಬದಲಾಗಲಿ.

ಕೊನೆಯದಾಗಿ, ಇಲ್ಲಿರುವ ಶಿಕ್ಷಕರಲ್ಲೂ ಮಕ್ಕಳಲ್ಲೂ ಒಂದು ಬಿನ್ನಹ. ನಿಮ್ಮ ಪೊನ್ನಂಪೇಟೆ ತಾಲ್ಲೂಕಿನ ತೋಟಗಳಲ್ಲಿ, ಹಾಡಿಗಳಲ್ಲಿ ಕನ್ನಡ, ಕೊಡವ, ರಾವುಳ, ಪಣಿಯ, ಜೇನು ಕುರುಬ, ಬೆಟ್ಟ ಕುರುಬ, ಮಲಯಾಳ, ತಮಿಳು ಮಾತುಗಳು ಒಂದೇ ನಲ್ಲಿಯ ಮುಂದೆ ಸೇರುತ್ತವೆ. ಚೆಕ್‌ರೋಲು, ರೈಟರು, ಮೇಸ್ತ್ರಿ, ಕಣ, ಲೈನು, ಇವುಗಳ ಸುತ್ತ ಕನ್ನಡದ ಒಂದು ಇಡೀ ಪದಕೋಶವೇ ಬೆಳೆದು ನಿಂತಿದೆ. ಅದನ್ನು ಬರೆದಿಡಲು ವಿಶ್ವವಿದ್ಯಾಲಯದಿಂದ ಯಾರೋ ಬರುವವರೆಗೆ ಕಾಯಬೇಡಿ. ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಈ ರಜೆಯಲ್ಲಿ ನಿಮ್ಮ ಲೈನಿನ, ನಿಮ್ಮ ಹಾಡಿಯ ಹಿರಿಯರ ಬಳಿ ಕೂತು ಅವರು ಬಳಸುವ ಒಂದೊಂದು ಪದವನ್ನೂ ಅವರು ಹೇಳಿದ ವಾಕ್ಯದೊಂದಿಗೆ ಬರೆದುಕೊಳ್ಳಿ. ಯಾವ ತೋಟ, ಯಾವ ಊರು, ಯಾವ ಮಾತಿನವರು ಎಂದು ಪಕ್ಕದಲ್ಲಿ ಗುರುತು ಹಾಕಿ. ಬರೆದದ್ದನ್ನು ನಿಮ್ಮ ಕನ್ನಡ ಮೇಷ್ಟರ ಕೈಗೆ ಕೊಡಿ. ಅವರು ಅವನ್ನೆಲ್ಲ ಒಟ್ಟುಗೂಡಿಸಿ ಅಚ್ಚಿಗೆ ಸಿದ್ಧಪಡಿಸಲಿ. ಮುಂದಿನ ವರ್ಷದ ಈ ದತ್ತಿ ಉಪನ್ಯಾಸದ ಬದಲು ಆ ಪುಸ್ತಕವೇ ಇಲ್ಲಿ ಬಿಡುಗಡೆಯಾಗಲಿ ಎಂದು ದತ್ತಿಯ ಹಿರಿಯರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.